ಗ್ರಾಹಕ ಯಾರು? ‘ವ್ಯವಹಾರ ಪರಿಸರ’ ಘಟಕಕ್ಕೆ ಒಂದು ಪ್ರಕರಣ ಪಾಠ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನ ಪಠ್ಯದ ಮೂರನೆಯ ಅಧ್ಯಾಯ ‘ವ್ಯವಹಾರ ಪರಿಸರ’. ಬೋಧನಾಭ್ಯಾಸದ ಅವಧಿಯಲ್ಲಿ ವಾಣಿಜ್ಯ ವಿಭಾಗದ ಪ್ರಶಿಕ್ಷಣಾರ್ಥಿಗಳು ಬಹಳ ಇಷ್ಟಪಟ್ಟು ಆರಿಸಿಕೊಳ್ಳುವ ಘಟಕ ಇದು. ಕಾರಣ ಸರಳ: ಪಟ್ಟಿ ಸಿದ್ಧವಾಗಿಯೇ ಇದೆ. ಆರ್ಥಿಕ, ಸಾಮಾಜಿಕ, ತಾಂತ್ರಿಕ, ರಾಜಕೀಯ, ಕಾನೂನು ಎಂದು ಐದು ಆಯಾಮಗಳು. ಒಂದೊಂದಕ್ಕೂ ಎರಡು ಸಾಲಿನ ಅರ್ಥ, ಒಂದು ಉದಾಹರಣೆ. ಅಷ್ಟರಲ್ಲಿ ಅವಧಿ ಮುಗಿಯುತ್ತದೆ. ಮೌಲ್ಯಮಾಪನದ ಹಂತದಲ್ಲಿ ಮಕ್ಕಳು ಐದನ್ನೂ ತಪ್ಪಿಲ್ಲದೆ ಹೇಳುತ್ತಾರೆ, ಮೇಲ್ವಿಚಾರಕರ ವೀಕ್ಷಣಾ ನಮೂನೆಯಲ್ಲಿ ಗುರುತು ಬೀಳುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಇದಕ್ಕಿಂತ ಮೊದಲೇ ಬರುವ ‘ನಿರ್ದಿಷ್ಟ ಶಕ್ತಿಗಳು’ ಎಂಬ ಅಂಶ ಓದಿಸಿ ಮುಂದೆ ಹೋಗುವ ಸಾಲಾಗಿಯೇ ಉಳಿಯುತ್ತದೆ. ಗ್ರಾಹಕರು, ಪೂರೈಕೆದಾರರು, ಪ್ರತಿಸ್ಪರ್ಧಿಗಳು, ಹೂಡಿಕೆದಾರರು ಒಂದು ಸಂಸ್ಥೆಯನ್ನು ನೇರವಾಗಿ ತಟ್ಟುವ ಶಕ್ತಿಗಳು ಎಂದು ಅಲ್ಲಿ ಹೇಳಿದೆ. ಗ್ರಾಹಕ ಎಂದರೆ ಯಾರು ಎಂದು ಕೇಳುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಅಂಗಡಿಗೆ ಬಂದು ದುಡ್ಡು ಕೊಟ್ಟು ಸಾಮಾನು ಒಯ್ಯುವವನು ಗ್ರಾಹಕ, ಮುಗಿಯಿತು.

ಈ ಪಾಠದಲ್ಲಿ ಆ ಒಂದು ಪ್ರಶ್ನೆಯನ್ನೇ ಹಿಡಿದು ಇಡೀ ಅವಧಿಯನ್ನು ನಡೆಸುವ ಕ್ರಮವನ್ನು ವಿವರಿಸಿದೆ. ಪ್ರಕರಣಕ್ಕೆ ಆಯ್ದುಕೊಂಡಿರುವುದು ಸ್ಮಿತ್ ಮೈಕ್ರೋ ಎಂಬ ಅಮೆರಿಕದ ತಂತ್ರಾಂಶ ಕಂಪನಿ. ಮಕ್ಕಳ ಮೊಬೈಲ್ ಎಲ್ಲಿದೆ ಎಂದು ತೋರಿಸುವ, ಬೇಡದ ಜಾಲತಾಣಗಳನ್ನು ತಡೆಯುವ, ರಾತ್ರಿ ಇಂತಿಷ್ಟು ಹೊತ್ತಿಗೆ ಇಂಟರ್ನೆಟ್ ನಿಲ್ಲಿಸುವ ‘ಕುಟುಂಬ ಸುರಕ್ಷತೆ’ ತಂತ್ರಾಂಶವನ್ನು ಅದು ತಯಾರಿಸುತ್ತದೆ. ಆದರೆ ಅದನ್ನು ತಂದೆತಾಯಿಗಳಿಗೆ ಮಾರುವುದಿಲ್ಲ, ಮೊಬೈಲ್ ಸೇವಾ ಕಂಪನಿಗಳಿಗೆ ಮಾರುತ್ತದೆ.

ಪೂರ್ವಜ್ಞಾನವನ್ನು ಎಲ್ಲಿಂದ ತೆಗೆಯಬೇಕು? ನೇರವಾಗಿ ಅಮೆರಿಕಕ್ಕೆ ಹಾರಿದರೆ ತರಗತಿ ಕೈತಪ್ಪುತ್ತದೆ. ನಮ್ಮ ಮಕ್ಕಳಿಗೆ ಕಾಲರ್ ಟ್ಯೂನ್ ಗೊತ್ತು. ಫೋನ್ ಮಾಡಿದಾಗ ಟ್ರಿಣ್ ಟ್ರಿಣ್ ಬದಲು ಸಿನಿಮಾ ಹಾಡು ಕೇಳಿಸುವ ಆ ಸೇವೆಯನ್ನು ಕೊಡುವವರು ಯಾರು ಎಂದು ಕೇಳಿ. ಏರ್‌ಟೆಲ್, ವೊಡಾಫೋನ್ ಎಂಬ ಉತ್ತರ ಬರುತ್ತದೆ. ಅದರ ಹಿಂದೆ ಬೇರೊಂದು ಕಂಪನಿ ಇರಬಹುದೆಂದು ಯಾರಿಗೂ ಹೊಳೆದಿರುವುದಿಲ್ಲ. ಇನ್ಫೋಸಿಸ್‌ನ ಆಶ್ರಯದಲ್ಲಿ ಹುಟ್ಟಿ 2000ದಲ್ಲಿ ಪ್ರತ್ಯೇಕ ಸಂಸ್ಥೆಯಾದ ಬೆಂಗಳೂರಿನ ಆನ್‌ಮೊಬೈಲ್ ಇಂಥ ಸೇವೆಗಳನ್ನು ಮೊಬೈಲ್ ಕಂಪನಿಗಳಿಗೆ ಒದಗಿಸಿಯೇ ಬೆಳೆಯಿತು. ತಿಂಗಳ ಹಣ ನಮ್ಮ ಬ್ಯಾಲೆನ್ಸ್‌ನಿಂದ ಕಡಿತವಾಗಿ ಮೊಬೈಲ್ ಕಂಪನಿಗೆ ಹೋಗುತ್ತಿತ್ತು, ಅದರಲ್ಲಿ ಒಂದು ಪಾಲು ಹಿಂದಿರುವ ಕಂಪನಿಗೆ. ಗ್ರಾಹಕರಿಗೆ ಗೊತ್ತಿಲ್ಲದೆಯೇ ಸೇವೆ ಆರಂಭವಾಗುತ್ತದೆ ಎಂಬ ದೂರುಗಳು ಹೆಚ್ಚಿದಾಗ, ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕೆಂದು ಟ್ರಾಯ್ 2013ರಲ್ಲಿ ನಿರ್ದೇಶನ ಕೊಟ್ಟಿತು. ಆಯಾಮಗಳ ಮಾತು ಬಂದಾಗ ಈ ನಿರ್ದೇಶನವನ್ನೂ ಬಳಸಬಹುದು. ಸದ್ಯಕ್ಕೆ ‘ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು’ ಎಂಬಷ್ಟು ತಿಳಿದರೆ ಸಾಕು.

ರಾಮನಗರ, ಮಂಡ್ಯ ಕಡೆಯ ಕಾಲೇಜುಗಳಲ್ಲಿ ಇನ್ನೊಂದು ದಾರಿಯೂ ಇದೆ. ಅಲ್ಲಿನ ಎಷ್ಟೋ ಮಕ್ಕಳ ತಾಯಂದಿರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಹೊಲಿಯುವ ಅಂಗಿಯ ಕಾಲರಿನಲ್ಲಿ ಯಾವ ಹೆಸರಿರುತ್ತದೆ ಎಂದು ಕೇಳಿದರೆ ಸಾಕು. ಫ್ಯಾಕ್ಟರಿಯ ಹೆಸರು ಇರುವುದಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ವಿಷಯ ನಿರೂಪಣೆ. ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಐದು ನಿಮಿಷಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ತಂದೆ ಅಥವಾ ತಾಯಿಯ ಮೊಬೈಲಿನಲ್ಲಿ ಒಂದು ಆ್ಯಪ್, ಮಗುವಿನ ಮೊಬೈಲಿನಲ್ಲಿ ಅದರ ಜೊತೆಗಾರ ಆ್ಯಪ್. ಮಗುವಿನ ಮೊಬೈಲ್ ಎಲ್ಲಿದೆ ಎಂಬುದು ಜಿಪಿಎಸ್‌ನಿಂದ ಅಥವಾ ಹತ್ತಿರದ ಟವರ್‌ಗಳ ಲೆಕ್ಕದಿಂದ ತಿಳಿಯುತ್ತದೆ. ಶಾಲೆಯ ಸುತ್ತ ನಕಾಶೆಯ ಮೇಲೆ ಒಂದು ವೃತ್ತ ಎಳೆದಿಟ್ಟರೆ, ಮೊಬೈಲ್ ಆ ವೃತ್ತದೊಳಗೆ ಬಂದಾಗ ಮತ್ತು ಹೊರಗೆ ಹೋದಾಗ ಪೋಷಕರಿಗೆ ಸೂಚನೆ ಬರುತ್ತದೆ. ಬೇಲಿ ಹಾಕಿದ ಹಾಗೆ, ಕಣ್ಣಿಗೆ ಕಾಣದ ಬೇಲಿ.

ಹೆಚ್ಚು ಹೊತ್ತು ನಿಲ್ಲಬೇಕಾದುದು ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ಅಮೆರಿಕದ ದೊಡ್ಡ ಮೊಬೈಲ್ ಕಂಪನಿ ವೆರೈಜನ್, ‘ಸ್ಮಾರ್ಟ್ ಫ್ಯಾಮಿಲಿ’ ಎಂಬ ಸೇವೆಗೆ ತಿಂಗಳಿಗೆ 4.99 ಡಾಲರ್, ಹೆಚ್ಚಿನ ಸೌಲಭ್ಯಗಳು ಬೇಕಾದರೆ 9.99 ಡಾಲರ್ ದರವಿಟ್ಟಿತ್ತು. ಅಲ್ಲಿ ಮನೆಮಂದಿಯ ಎಲ್ಲ ನಂಬರುಗಳೂ ಒಂದೇ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ಬರುವುದು ಸಾಮಾನ್ಯ, ಆ ಬಿಲ್ಲಿಗೇ ಈ ಮೊತ್ತ ಸೇರುತ್ತದೆ. ಮೊಬೈಲ್ ಕಂಪನಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ತಂತ್ರಾಂಶ ಕಂಪನಿಗೆ ಕೊಡುತ್ತದೆ. ಆ್ಯಪ್ ಮೇಲೆ ಇರುವ ಹೆಸರು, ಬಣ್ಣ, ಲಾಂಛನ ಎಲ್ಲವೂ ಮೊಬೈಲ್ ಕಂಪನಿಯದು.

ಮೊಬೈಲ್ ಕಂಪನಿಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆಯನ್ನು ಮಕ್ಕಳ ಬಾಯಿಂದಲೇ ಬರಿಸಬೇಕು. ನಾಲ್ಕೈದು ಡಾಲರ್ ಮಾತ್ರವಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಎಲ್ಲರ ಮೊಬೈಲಿಗೂ ಈ ಸೇವೆ ಕಟ್ಟಿಬಿಟ್ಟರೆ ಆ ಮನೆ ಬೇರೆ ಕಂಪನಿಗೆ ಸುಲಭವಾಗಿ ಹೋಗುವುದಿಲ್ಲ. ಸುರಕ್ಷತೆ ಮಾರಾಟದ ಸರಕೂ ಹೌದು, ಗ್ರಾಹಕರನ್ನು ಹಿಡಿದಿಡುವ ಹಗ್ಗವೂ ಹೌದು.

ಒಂದು ತರಗತಿಯಲ್ಲಿ ಈ ಭಾಗ ನಡೆದ ರೀತಿ ಹೀಗಿತ್ತು:

ಪ್ರಶಿಕ್ಷಣಾರ್ಥಿ: ಈ ಆ್ಯಪ್‌ಗೆ ದುಡ್ಡು ಕೊಡೋರು ಯಾರು?
ವಿದ್ಯಾರ್ಥಿ: ಅಪ್ಪ, ಮೇಡಂ.
ಪ್ರಶಿಕ್ಷಣಾರ್ಥಿ: ಯಾರಿಗೆ ಕೊಡ್ತಾರೆ?
ವಿದ್ಯಾರ್ಥಿ: ಮೊಬೈಲ್ ಕಂಪನಿಗೆ. ಬಿಲ್‌ನಲ್ಲೇ ಬರುತ್ತಲ್ಲ.
ಪ್ರಶಿಕ್ಷಣಾರ್ಥಿ: ಹಾಗಾದ್ರೆ ಆ್ಯಪ್ ಮಾಡಿದವರಿಗೆ ದುಡ್ಡು ಎಲ್ಲಿಂದ ಬಂತು?
ವಿದ್ಯಾರ್ಥಿನಿ: ಮೊಬೈಲ್ ಕಂಪನಿ ಕೊಡುತ್ತೆ ಮೇಡಂ.
ಪ್ರಶಿಕ್ಷಣಾರ್ಥಿ: ಅಪ್ಪನಿಗೆ ಆ ಆ್ಯಪ್ ಮಾಡಿದವರ ಹೆಸರು ಗೊತ್ತಿರುತ್ತಾ?
ವಿದ್ಯಾರ್ಥಿನಿ: ಇಲ್ಲ ಮೇಡಂ. ಅವರಿಗೂ ಅಪ್ಪ ಯಾರು ಅಂತ ಗೊತ್ತಿರಲ್ಲ.
ಹಿಂದಿನ ಬೆಂಚಿನಿಂದ ಒಬ್ಬ: ಮಗನಿಗೆ ಬೇಕಾ ಅಂತ ಯಾರೂ ಕೇಳ್ಲೇ ಇಲ್ವಲ್ಲ ಮೇಡಂ?

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ನಗಲಿಲ್ಲ, ಅದೇ ಅವರ ಜಾಣತನ. ಆ ಮಾತನ್ನು ಹಲಗೆಯ ಬಲತುದಿಯಲ್ಲಿ ಬರೆದು, ‘ಇದಕ್ಕೆ ಆಮೇಲೆ ಬರೋಣ’ ಎಂದರು. ಹಲಗೆಯ ಮೇಲೆ ನಾಲ್ಕು ಹೆಸರುಗಳು ಸಾಲಾಗಿ ಮೂಡಿದ್ದವು: ತಯಾರಿಸುವವರು, ಕೊಳ್ಳುವವರು, ಹಣ ತೆರುವವರು, ಯಾರ ಮೇಲೆ ಬಳಕೆಯಾಗುತ್ತದೋ ಅವರು. ಅಂಗಡಿಯ ಲೆಕ್ಕದಲ್ಲಿ ಕೊನೆಯ ಮೂವರೂ ಒಬ್ಬನೇ ಆಗಿರುತ್ತಾರೆ. ಇಲ್ಲಿ ಮೂವರೂ ಬೇರೆ ಬೇರೆ. ಈ ನಾಲ್ಕು ಪದಗಳು ಮಕ್ಕಳಿಗೆ ದಕ್ಕಿದರೆ ಪಾಠದ ಅರ್ಧ ಕೆಲಸ ಆದಂತೆ.

ಮುಂದಿನದು ಕಂಪನಿಯ ಕಥೆ. ಇದನ್ನು ಇಸವಿಗಳ ಪಟ್ಟಿಯಾಗಿ ಓದಿಸದೆ ಕಥೆಯಾಗಿಯೇ ಹೇಳಬೇಕು, ಮುಂದೇನಾಗಬಹುದು ಎಂದು ಮಧ್ಯೆ ಮಧ್ಯೆ ಕೇಳುತ್ತ.

ಸ್ಮಿತ್ ಮೈಕ್ರೋ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಸ್ಥಾಪಕರು ವಿಲಿಯಂ ಸ್ಮಿತ್. ಮೊದಲು ಮೋಡೆಮ್ ಮತ್ತು ಫ್ಯಾಕ್ಸ್ ತಂತ್ರಾಂಶ ಮಾಡಿ ಮೋಡೆಮ್ ತಯಾರಕರಿಗೆ ಕೊಡುತ್ತಿತ್ತು. ಮುಂದೆ ಲ್ಯಾಪ್‌ಟಾಪಿಗೆ ಡಾಂಗಲ್ ಚುಚ್ಚಿ ಇಂಟರ್ನೆಟ್ ಪಡೆಯುವ ಕಾಲ ಬಂದಾಗ, ಡಾಂಗಲ್ ಜೊತೆ ಬರುವ ಸಂಪರ್ಕ ತಂತ್ರಾಂಶವನ್ನು ಮೊಬೈಲ್ ಕಂಪನಿಗಳಿಗೆ ಒದಗಿಸಿತು. ಮುಖ್ಯ ಗ್ರಾಹಕ ವೆರೈಜನ್. 2010ರಲ್ಲಿ ಆದಾಯ ಸುಮಾರು 13 ಕೋಟಿ ಡಾಲರ್ ಮುಟ್ಟಿತು. ಮರುವರ್ಷವೇ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಸ್ಮಾರ್ಟ್‌ಫೋನಿನಲ್ಲೇ ಹಾಟ್‌ಸ್ಪಾಟ್ ಬಂದಮೇಲೆ ಡಾಂಗಲ್ ಯಾರಿಗೆ ಬೇಕು? ತಾಂತ್ರಿಕ ಆಯಾಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ. ಹಳೆಯ ಡಾಂಗಲ್ ಒಂದನ್ನು ತರಗತಿಗೆ ಒಯ್ದು ತೋರಿಸಿದರೆ ಬೋಧನೋಪಕರಣವೂ ಆಯಿತು.

ಆಮೇಲೆ ಕಂಪನಿ ಹಿಡಿದ ದಾರಿ ಕುಟುಂಬ ಸುರಕ್ಷತೆ. ಅದರ ತಂತ್ರಾಂಶ ಸೇಫ್‌ಪಾತ್, ಅದನ್ನು ಕೊಂಡ ದೊಡ್ಡ ಗ್ರಾಹಕ ಸ್ಪ್ರಿಂಟ್. ಸ್ಪ್ರಿಂಟ್ ತನ್ನ ಚಂದಾದಾರರಿಗೆ ಅದನ್ನು ‘ಸೇಫ್ ಆ್ಯಂಡ್ ಫೌಂಡ್’ ಎಂಬ ಹೆಸರಿನಲ್ಲಿ ಕೊಟ್ಟಿತು. ಕಂಪನಿಯ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಬ್ಬ ಗ್ರಾಹಕನಿಂದಲೇ ಬರುವಂತಾಯಿತು. ಅಷ್ಟರಲ್ಲಿ, 2018ರ ಏಪ್ರಿಲ್‌ನಲ್ಲಿ, ಸ್ಪ್ರಿಂಟ್ ಮತ್ತು ಟಿ-ಮೊಬೈಲ್ ವಿಲೀನದ ಸುದ್ದಿ ಹೊರಬಿತ್ತು. ಇಲ್ಲಿ ಪಾಠ ನಿಲ್ಲಿಸಿ ಕೇಳಬೇಕು: ನಿಮ್ಮ ಮುಖ್ಯ ಗ್ರಾಹಕನನ್ನೇ ಇನ್ನೊಬ್ಬರು ಕೊಂಡುಕೊಳ್ಳುತ್ತಿದ್ದಾರೆ, ಆ ಇನ್ನೊಬ್ಬರಿಗೆ ನಿಮ್ಮ ಪ್ರತಿಸ್ಪರ್ಧಿ ಸರಕು ಒದಗಿಸುತ್ತಿದ್ದಾನೆ, ನೀವಾದರೆ ಏನು ಮಾಡುತ್ತೀರಿ? ‘ಬೆಲೆ ಇಳಿಸ್ತೀವಿ’, ‘ಬೇರೆ ಗ್ರಾಹಕರನ್ನ ಹುಡುಕ್ತೀವಿ’ ಎಂಬ ಉತ್ತರಗಳು ಬರುತ್ತವೆ. ಕಂಪನಿ ಮಾಡಿದ್ದು ಬೇರೆ. ಟಿ-ಮೊಬೈಲಿನ ಇಂಥದೇ ಸೇವೆಯ ಹಿಂದಿದ್ದ ಸರ್ಕಲ್ ಕಂಪನಿಯ ಆ ವಿಭಾಗವನ್ನೇ 2020ರ ಫೆಬ್ರವರಿಯಲ್ಲಿ 1.35 ಕೋಟಿ ಡಾಲರಿಗೆ ಕೊಂಡಿತು. ವಿಲೀನ ಪೂರ್ಣಗೊಂಡದ್ದು ಅದೇ ಏಪ್ರಿಲ್ 1ರಂದು. ಪ್ರತಿಸ್ಪರ್ಧಿಯನ್ನು ಕೊಂಡರೆ ಅವನ ಗ್ರಾಹಕನೂ ಜೊತೆಗೆ ಬರುತ್ತಾನೆ.

ಮರುವರ್ಷ ಇನ್ನೂ ದೊಡ್ಡ ಹೆಜ್ಜೆ. ಲೊಕೇಶನ್ ಲ್ಯಾಬ್ಸ್ ಎಂಬ ಹಳೆಯ ಕಂಪನಿ ಈ ವ್ಯಾಪಾರದ ಮೊದಲಿಗರಲ್ಲಿ ಒಂದು. ಅದನ್ನು 2014ರಲ್ಲಿ ಎವಿಜಿ ಕೊಂಡಿತ್ತು, ಎವಿಜಿಯನ್ನು 2016ರಲ್ಲಿ ಅವಾಸ್ಟ್ ಕೊಂಡಿತ್ತು. ಆ ಕುಟುಂಬ ಸುರಕ್ಷತೆ ವಿಭಾಗವನ್ನು 2021ರಲ್ಲಿ ಸ್ಮಿತ್ ಮೈಕ್ರೋ 6.6 ಕೋಟಿ ಡಾಲರಿಗೆ ಅವಾಸ್ಟ್‌ನಿಂದ ಪಡೆಯಿತು. ಅದರೊಂದಿಗೆ ವೆರೈಜನ್ ಮತ್ತು ಎಟಿ ಆ್ಯಂಡ್ ಟಿ ಕೂಡ ಬಂದವು. ಅಮೆರಿಕದ ಮೂರೂ ದೊಡ್ಡ ಮೊಬೈಲ್ ಕಂಪನಿಗಳಿಗೆ ಈಗ ಒಬ್ಬನೇ ಪೂರೈಕೆದಾರ. ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಸ್ಪರ್ಧೆಯೇ ಮುಗಿದ ಹಾಗೆ ಕಾಣುತ್ತದೆ. ‘ಈಗ ಈ ಕಂಪನಿ ಗಟ್ಟಿಯಾಯಿತೋ ಇಲ್ಲವೋ?’ ಎಂದು ಕೈ ಎತ್ತಿಸಿ. ಬಹುತೇಕ ಎಲ್ಲರೂ ಗಟ್ಟಿಯಾಯಿತು ಎನ್ನುತ್ತಾರೆ.

2023ರ ಫೆಬ್ರವರಿಯಲ್ಲಿ ವೆರೈಜನ್ ಒಪ್ಪಂದ ಕೊನೆಗೊಳಿಸುವುದಾಗಿ ನೋಟಿಸು ಕೊಟ್ಟಿತು. ಆ ವರ್ಷದ ಕೊನೆಯ ಹೊತ್ತಿಗೆ ಆ ಆದಾಯ ನಿಂತುಹೋಯಿತು. ಕಂಪನಿಯ ವಾರ್ಷಿಕ ಆದಾಯ 2022ರಲ್ಲಿ ಸುಮಾರು 4.85 ಕೋಟಿ ಡಾಲರ್, 2023ರಲ್ಲಿ ಸುಮಾರು 4.09 ಕೋಟಿ, 2024ರಲ್ಲಿ ಸುಮಾರು 2.06 ಕೋಟಿ. ನೌಕರರ ಕಡಿತವಾಯಿತು. ಷೇರಿನ ಬೆಲೆ ಕುಸಿದು, 2024ರಲ್ಲಿ ಎಂಟು ಷೇರುಗಳನ್ನು ಒಂದಾಗಿ ಕೂಡಿಸಬೇಕಾಯಿತು. ಶೇಕಡಾ ಇಳಿಕೆಯ ಲೆಕ್ಕವನ್ನು ಮಕ್ಕಳೇ ಮಾಡಲಿ. 2023ರಿಂದ 2024ಕ್ಕೆ ಶೇ. 50ರ ಹತ್ತಿರ, 2022ರಿಂದ ಲೆಕ್ಕ ಹಾಕಿದರೆ ಶೇ. 57ಕ್ಕೂ ಹೆಚ್ಚು ಎಂಬುದು ಅವರ ಪುಸ್ತಕದಲ್ಲಿ ಮೂಡಿದಾಗ, ‘ಗಟ್ಟಿಯಾಯಿತು’ ಎಂದು ಕೈ ಎತ್ತಿದ್ದು ಅವರಿಗೇ ನೆನಪಾಗುತ್ತದೆ.

ಈ ಕುಸಿತಕ್ಕೆ ತಂದೆತಾಯಿಗಳು ಕಾರಣವೇ? ಲಕ್ಷ ಪೋಷಕರಲ್ಲಿ ಸಾವಿರ ಮಂದಿ ಬೇಸತ್ತು ಸೇವೆ ಬಿಟ್ಟರೆ ಕಂಪನಿಗೆ ಶೇ. 1ರ ನಷ್ಟ. ಮೂವರೇ ಗ್ರಾಹಕರಿದ್ದು ಒಬ್ಬ ಎದ್ದುಹೋದರೆ? ಇದನ್ನು ಮಂಡ್ಯದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಬೆಳೆದವನಿಗೆ ತನ್ನ ವ್ಯಾಪ್ತಿಯ ಕಾರ್ಖಾನೆ ಒಂದೇ ಗಿರಾಕಿ. ಕಾರ್ಖಾನೆ ಅರೆಯುವುದು ನಿಲ್ಲಿಸಿದ ವರ್ಷ, ಬೆಳೆ ಎಷ್ಟು ಚೆನ್ನಾಗಿ ಬಂದಿದ್ದರೂ ಗದ್ದೆಯಲ್ಲೇ ಒಣಗುತ್ತದೆ. ಸಕ್ಕರೆ ತಿನ್ನುವವರು ಕಡಿಮೆಯಾಗಿರುವುದಿಲ್ಲ. ಬಳಸುವವರು ಇದ್ದೂ ಕೊಳ್ಳುವವನು ಇಲ್ಲದ ಸ್ಥಿತಿ ಅದು. ‘ನಿರ್ದಿಷ್ಟ ಶಕ್ತಿ’ ಎಂಬ ಪದಕ್ಕೆ ಅರ್ಥ ಬರುವುದು ಇಲ್ಲಿ. ಈ ಜಾಗಕ್ಕೆ ಬರುವ ಮೊದಲು ಕಬ್ಬಿನ ಮಾತು ಎತ್ತಬಾರದು, ಎತ್ತಿದರೆ ಉತ್ತರವನ್ನು ಮುಂಚೆಯೇ ಕೊಟ್ಟಂತಾಗುತ್ತದೆ.

ಪ್ರತಿಸ್ಪರ್ಧಿಗಳ ಬಗ್ಗೆ ಒಂದು ಮಾತು. ಮೂರೂ ಮೊಬೈಲ್ ಕಂಪನಿಗಳು ಕೈಯಲ್ಲಿದ್ದರೂ ಸ್ಪರ್ಧೆ ಮುಗಿದಿರಲಿಲ್ಲ. ಗೂಗಲ್ 2017ರಲ್ಲಿ ಫ್ಯಾಮಿಲಿ ಲಿಂಕ್, ಆ್ಯಪಲ್ 2018ರಲ್ಲಿ ಸ್ಕ್ರೀನ್ ಟೈಮ್ ತಂದವು. ಎರಡೂ ಉಚಿತ, ಸ್ಕ್ರೀನ್ ಟೈಮ್ ಅಂತೂ ಫೋನಿನೊಳಗೇ ಇದೆ. ಮೇಲಾಗಿ, ಬೇರೆಯವರ ಆ್ಯಪ್ ಫೋನಿನಲ್ಲಿ ಏನು ಮಾಡಬಹುದು ಎಂಬುದನ್ನು ತೀರ್ಮಾನಿಸುವವರೂ ಇವರೇ. 2019ರಲ್ಲಿ ಆ್ಯಪಲ್ ಪೋಷಕ ನಿಯಂತ್ರಣದ ಹಲವು ಆ್ಯಪ್‌ಗಳನ್ನು ತನ್ನ ಅಂಗಡಿಯಿಂದ ತೆಗೆಸಿತು, ಕೆಲವೇ ತಿಂಗಳಲ್ಲಿ ನಿಯಮವನ್ನು ತುಸು ಸಡಿಲಿಸಿತು. ಬಯಲಾಟದಲ್ಲಿ ಒಬ್ಬನೇ ಪಾತ್ರಧಾರಿಯೂ ಆಗಿ ಭಾಗವತನೂ ಆದರೆ ಉಳಿದವರ ಪಾಡೇನು?

‘ಇದು ನಮ್ಮಲ್ಲಿ ಯಾಕಿಲ್ಲ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪರಿಸರದ ‘ಸಾಪೇಕ್ಷತೆ’ ಎಂಬ ಲಕ್ಷಣಕ್ಕೆ ಪಠ್ಯದಲ್ಲಿ ಸೀರೆಯ ಉದಾಹರಣೆ ಇದೆ, ಭಾರತದಲ್ಲಿ ಬೇಡಿಕೆ, ಫ್ರಾನ್ಸಿನಲ್ಲಿ ಇಲ್ಲ ಎಂದು. ಅದರ ಜೊತೆಗೆ ಇದನ್ನೂ ಹೇಳಬಹುದು. ನಮ್ಮಲ್ಲಿ ಬಹುಪಾಲು ಸಿಮ್‌ಗಳು ಪ್ರಿಪೇಯ್ಡ್. ಮನೆಗೆಲ್ಲ ಒಂದೇ ಬಿಲ್ ಬರುವ ಪದ್ಧತಿ ಕಡಿಮೆ, ಒಂದೇ ಮನೆಯಲ್ಲಿ ಮೂರು ಕಂಪನಿಯ ಸಿಮ್‌ಗಳು ಇರುವುದುಂಟು. ಬಿಲ್ಲೇ ಇಲ್ಲದ ಕಡೆ ಬಿಲ್ಲಿಗೆ ಸೇರಿಸಿ ಮಾರುವ ವ್ಯಾಪಾರ ಬೇರೂರುವುದು ಕಷ್ಟ.

ಇನ್ನು ಹಲಗೆಯ ಬಲತುದಿಯಲ್ಲಿ ಬರೆದಿಟ್ಟ ಪ್ರಶ್ನೆ. ಸಾಮಾಜಿಕ ಮತ್ತು ಕಾನೂನು ಆಯಾಮಗಳಿಗೆ ಇದೇ ಬಾಗಿಲು. ಅಮೆರಿಕದಲ್ಲಿ 1998ರಲ್ಲಿ ಆದ ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆ 13 ವರ್ಷಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಹಾಗಾಗಿ ತರಗತಿಯಲ್ಲಿ ಕುಳಿತ ಹದಿನೇಳರ ಹುಡುಗಿ ಆ ದೇಶದ ಆ ಕಾಯ್ದೆಯ ರಕ್ಷಣೆಯಿಂದ ಹೊರಗೆ, ಈ ದೇಶದ ಕಾಯ್ದೆಯ ಒಳಗೆ. ಎರಡರಲ್ಲೂ ಒಪ್ಪಿಗೆ ಕೊಡುವವರು ಪೋಷಕರು. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಕಾನೂನು ಪೂರ್ತಿ ಉತ್ತರ ಕೊಡುವುದಿಲ್ಲ, ಹಾಗೆಂದು ಅವನಿಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಮಗು ಎಲ್ಲಿದೆ ಎಂಬ ಮಾಹಿತಿ ಪೋಷಕರ ಕೈಯಲ್ಲಷ್ಟೇ ಇರುವುದಿಲ್ಲ, ನಡುವೆ ಎರಡು ಕಂಪನಿಗಳಿವೆ ಎಂಬುದನ್ನೂ ಹೇಳಬೇಕು. ಚಂದಾದಾರರು ಎಲ್ಲಿದ್ದಾರೆ ಎಂಬ ಮಾಹಿತಿ ಮೂರನೆಯವರ ಕೈಗೆ ಹೋಗಲು ಬಿಟ್ಟದ್ದಕ್ಕಾಗಿ ಅಮೆರಿಕದ ಸಂಪರ್ಕ ಆಯೋಗ 2024ರಲ್ಲಿ ದೊಡ್ಡ ಮೊಬೈಲ್ ಕಂಪನಿಗಳಿಗೆ ಒಟ್ಟು ಸುಮಾರು 20 ಕೋಟಿ ಡಾಲರ್ ದಂಡ ವಿಧಿಸಿತು. ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಆ ಪ್ರಕರಣ ಕುಟುಂಬ ಸುರಕ್ಷತೆಯ ಆ್ಯಪ್‌ಗಳ ಮೇಲಿನದಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಎರಡನ್ನೂ ಬೆರೆಸಿದರೆ ತಪ್ಪು ತಿಳಿವಳಿಕೆ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲೇ ಬರೆದುಕೊಳ್ಳಬೇಕು. ‘ನಿಮ್ಮಲ್ಲಿ ಯಾರ ಫೋನನ್ನು ಮನೆಯವರು ನೋಡ್ತಾರೆ? ಕೈ ಎತ್ತಿ’ ಎಂದು ಎಂದಿಗೂ ಕೇಳಬಾರದು. ಪಾಠಕ್ಕೆ ಜೀವ ಬರುತ್ತದೆ ಎಂದು ತೋರುವ ಪ್ರಶ್ನೆ ಅದು, ಆದರೆ ಅದರ ಬೆಲೆ ತೆರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಮೊಬೈಲ್ ಇದ್ದ ಕಾರಣಕ್ಕೇ ಕಾಲೇಜು ಬಿಡಿಸುವ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಸ್ವಂತ ಫೋನಿಲ್ಲದ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ. ಅದೇ ರೀತಿ ‘ಪೋಷಕರು ನಿಗಾ ಇಡುವುದು ಸರಿಯೇ ತಪ್ಪೇ’ ಎಂಬ ಚರ್ಚಾಸ್ಪರ್ಧೆಗೂ ಇಳಿಯಬಾರದು. ತೀರ್ಪು ಕೊಡುವುದು ಈ ಅವಧಿಯ ಕೆಲಸವಲ್ಲ. ಯಾರು ತಯಾರಿಸಿದರು, ಯಾರು ಕೊಂಡರು, ಯಾರು ತೆತ್ತರು, ಯಾರನ್ನು ಕೇಳಲಿಲ್ಲ ಎಂದು ಬಿಡಿಸಿ ನೋಡುವಷ್ಟು ಕಲಿತರೆ, ಸರಿತಪ್ಪಿನ ಯೋಚನೆ ಮಕ್ಕಳೇ ಮಾಡುತ್ತಾರೆ, ಮಾಡುವ ವಯಸ್ಸೂ ಅವರದು.

ಅವಧಿ ಹಂಚಿಕೆಯಲ್ಲಿ ಪೂರ್ವಜ್ಞಾನಕ್ಕೆ ಆರೇಳು ನಿಮಿಷ, ಹಣದ ದಾರಿಗೆ ಹತ್ತು, ಕಂಪನಿಯ ಕಥೆಗೆ ಹದಿನೈದು ಇಟ್ಟುಕೊಂಡರೆ ಕಾನೂನಿನ ಭಾಗಕ್ಕೂ ಮೌಲ್ಯಮಾಪನಕ್ಕೂ ಜಾಗ ಉಳಿಯುತ್ತದೆ. ಐದು ಆಯಾಮಗಳನ್ನು ಮೊದಲೇ ಹಲಗೆಯ ಮೇಲೆ ಬರೆಯುವ ಅಭ್ಯಾಸವನ್ನು ಈ ಪಾಠದಲ್ಲಿ ಬಿಡಬೇಕು. ಕಥೆ ಮುಗಿದ ಮೇಲೆ, ‘ಡಾಂಗಲ್ ಹೋದದ್ದು ಯಾವ ಆಯಾಮ? ವಿಲೀನ ಯಾವುದು? ಟ್ರಾಯ್ ನಿರ್ದೇಶನ?’ ಎಂದು ಹಿಂದಕ್ಕೆ ಹೋಗಿ ಮಕ್ಕಳಿಂದಲೇ ಹೆಸರಿಡಿಸಬೇಕು. ವಿಲೀನವನ್ನು ಕೆಲವರು ಆರ್ಥಿಕ ಎನ್ನುತ್ತಾರೆ. ಸರ್ಕಾರದ ಅನುಮತಿ ಬೇಕಾಯಿತಲ್ಲ ಎಂದು ಕೆಲವರು ಕಾನೂನು ಎನ್ನುತ್ತಾರೆ. ಇಬ್ಬರಿಗೂ ಕಾರಣ ಕೇಳಿ, ಇಬ್ಬರನ್ನೂ ಒಪ್ಪಬೇಕು. ಪಠ್ಯದ ‘ಪರಸ್ಪರ ಸಂಬಂಧ’ ಎಂಬ ಲಕ್ಷಣವನ್ನು ಅಲ್ಲೇ ತೋರಿಸಬಹುದು.

ಗೃಹಪಾಠಕ್ಕೆ ಎರಡು ಪ್ರಶ್ನೆಗಳು ಸಾಕು. ಮೊದಲನೆಯದು: ನಿಮ್ಮ ಊರಿನಲ್ಲಿ ಕೊಳ್ಳುವವರು, ಹಣ ತೆರುವವರು ಮತ್ತು ಬಳಸುವವರು ಬೇರೆ ಬೇರೆಯಾಗಿರುವ ಒಂದು ವ್ಯವಹಾರವನ್ನು ಹುಡುಕಿ ಬರೆಯಿರಿ. ಮಧ್ಯಾಹ್ನದ ಬಿಸಿಯೂಟಕ್ಕೆ ಬೇಳೆ ಪೂರೈಸುವವರು, ಸರ್ಕಾರಿ ಶಾಲೆಗೆ ಸಮವಸ್ತ್ರದ ಬಟ್ಟೆ ಒದಗಿಸುವವರು, ಶಾಲಾ ವಾಹನ ಓಡಿಸುವವರು ಮುಂತಾದ ಉತ್ತರಗಳನ್ನು ನಿರೀಕ್ಷಿಸಬಹುದು. ಎರಡನೆಯದು: 2021ರಲ್ಲಿ ಸ್ಮಿತ್ ಮೈಕ್ರೋ ಕಂಪನಿಯ ವ್ಯವಸ್ಥಾಪಕರು ನೀವಾಗಿದ್ದರೆ 6.6 ಕೋಟಿ ಡಾಲರ್ ಕೊಟ್ಟು ಆ ವಿಭಾಗವನ್ನು ಕೊಳ್ಳುತ್ತಿದ್ದಿರಾ? ಕೊಳ್ಳುತ್ತಿದ್ದೆ ಎಂದರೂ ಕೊಳ್ಳುತ್ತಿರಲಿಲ್ಲ ಎಂದರೂ ಅಂಕವಿದೆ. ಆದರೆ ವೆರೈಜನ್ ಬಿಟ್ಟುಹೋಗುತ್ತದೆಂದು ನಮಗೆ ಈಗ ಗೊತ್ತಿರುವುದನ್ನೇ ಕಾರಣವಾಗಿ ಕೊಟ್ಟ ಉತ್ತರಕ್ಕೆ ಅಂಕ ಕೊಡಬಾರದು. ಆ ದಿನ ಅವರ ಮುಂದಿದ್ದ ಮಾಹಿತಿಯಿಂದ ಮಾತ್ರ ವಾದಿಸಬೇಕು ಎಂಬ ಸೂಚನೆಯನ್ನು ಪ್ರಶ್ನೆಯ ಕೆಳಗೇ ಬರೆದುಕೊಡಿ.